ಹುಬ್ಬಳ್ಳಿಯಿಂದ ಹಿರೇಬೆಣಕಲ್‌ಗೆ: ಮೋರ್ಯರ ಗುಡ್ಡ ಹತ್ತುವವರಿಗೆ

ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್‌ಗೆ ಹೋಗಿ, ಅಲ್ಲಿನ ಗುಡ್ಡದ ಮೇಲಿನ ಬಲು ಹಳೆಯ ಕಲ್ಲಿನ ಗೋರಿಗಳನ್ನು ನೋಡಿ ಬಂದೆ ಅಂತ ಒಮ್ಮೆ ಹೇಳಿದ್ದೇ ತಡ, ಪ್ರಶ್ನೆಗಳು ನಿಂತಿಲ್ಲ. ಹುಬ್ಬಳ್ಳಿಯಿಂದ ಒಂದೇ ದಿನದಲ್ಲಿ ಆಗುತ್ತಾ? ಕಾರು ಗುಡ್ಡದ ಮೇಲೆ ಹೋಗುತ್ತಾ? ಹಂಪಿ ನೋಡಿಕೊಂಡು ಬರುವಾಗ ಹಾಗೇ ಹತ್ತಿ ಇಳಿಯಬಹುದಾ? ಮಕ್ಕಳನ್ನು ಕರೆದೊಯ್ಯಬಹುದಾ? ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ಹುಬ್ಬಳ್ಳಿ-ಧಾರವಾಡ, ಗದಗ ಕಡೆಯಿಂದ ಹೊರಡುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು. ಹಾವೇರಿಯವರು ಮೊದಲು ಹುಬ್ಬಳ್ಳಿಗೋ ಗದಗಿಗೋ ಬಂದು, ಅಲ್ಲಿಂದ ಇದೇ ದಾರಿ ಹಿಡಿಯಬಹುದು.

ಚುಟುಕು ಉತ್ತರ ಬೇಕೆಂದರೆ: ಒಂದು ದಿನದಲ್ಲಿ ಆಗುತ್ತದೆ, ಆದರೆ ನಸುಕಿನಲ್ಲೇ ಹೊರಡಬೇಕು. ಕಾರು ಮೇಲೆ ಹೋಗುವುದಿಲ್ಲ. ಹಂಪಿಯ ಬಾಲಕ್ಕೆ ಇದನ್ನು ಕಟ್ಟಬೇಡಿ. ಹತ್ತು ವರ್ಷ ದಾಟಿದ, ನಡೆದು ರೂಢಿಯಿರುವ ಮಕ್ಕಳಾದರೆ ಸರಿ.

1. ಏನು ನೋಡಲು ಹೋಗುತ್ತಿದ್ದೀರಿ ಅನ್ನುವುದನ್ನು ತಿಳಿದುಕೊಳ್ಳಿ

ಇದನ್ನು ಮೊದಲ ಹಂತ ಮಾಡಿದ್ದಕ್ಕೆ ಕಾರಣವಿದೆ. ಲಕ್ಕುಂಡಿಯ ಕೆತ್ತನೆ, ಹಂಪಿಯ ಗೋಪುರ ನೋಡಿದ ಕಣ್ಣಿಗೆ ಇಲ್ಲಿ ಮೊದಲ ಐದು ನಿಮಿಷ ಏನೂ ಕಾಣುವುದಿಲ್ಲ. "ಇಷ್ಟೇನಾ?" ಅನ್ನಿಸುತ್ತದೆ. ಕೆತ್ತನೆಯಿಲ್ಲ, ಶಾಸನವಿಲ್ಲ, ದೇವರಿಲ್ಲ. ಬರೀ ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಪೆಟ್ಟಿಗೆಯಂಥ ಕಟ್ಟಡಗಳು. ಆದರೆ ಅಂಥವು ಒಂದೆರಡಲ್ಲ, ಸುಮಾರು 400 ಇವೆ.

ಇವುಗಳಿಗೆ ಪುರಾತತ್ವದವರು ಡಾಲ್ಮೆನ್ ಅನ್ನುತ್ತಾರೆ. ಕನ್ನಡದಲ್ಲಿ ಶಿಲಾಗೋರಿ, ಕಲ್ಮನೆ ಅನ್ನಬಹುದು. ಇವನ್ನು ಕಟ್ಟಿದವರ ಕಾಲಕ್ಕೆ ಬೃಹತ್ ಶಿಲಾಯುಗ ಎಂಬ ಹೆಸರಿದೆ. ದೊಡ್ಡ ದೊಡ್ಡ ಕಲ್ಲುಗಳಿಂದ ಸತ್ತವರಿಗೆ ಮನೆ ಕಟ್ಟಿದ ಕಾಲ ಅಂತ ತಿಳಿದುಕೊಂಡರೆ ಸಾಕು. ಕಬ್ಬಿಣ ಬಳಕೆಗೆ ಬಂದದ್ದೂ ಹೆಚ್ಚುಕಡಿಮೆ ಆಗಲೇ. ಹಿರೇಬೆಣಕಲ್‌ನ ಗೋರಿಗಳನ್ನು ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ನಡುವಿನವು ಎಂದು ಹೇಳುತ್ತಾರೆ. ಅಂದರೆ ಬಾದಾಮಿಯ ಗುಹೆಗಳಿಗಿಂತ ಕಡಿಮೆಯೆಂದರೂ ಏಳೆಂಟು ನೂರು ವರ್ಷ ಹಳೆಯವು.

ಉತ್ತರ ಕರ್ನಾಟಕದ ಇಂಥ ಗೋರಿಗಳನ್ನು ಊರೂರು ಸುತ್ತಿ ಅಭ್ಯಾಸ ಮಾಡಿದವರಲ್ಲಿ ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದ ಅ. ಸುಂದರ ಅವರ ಹೆಸರು ದೊಡ್ಡದು. ಈ ಗುಡ್ಡದ ಉಸ್ತುವಾರಿ ನೋಡಿಕೊಂಡು ಬಂದದ್ದೂ ಭಾರತೀಯ ಪುರಾತತ್ವ ಇಲಾಖೆಯ ಧಾರವಾಡ ವಲಯವೇ. 2021ರಲ್ಲಿ ಇದು ಯುನೆಸ್ಕೋದ ಸಂಭಾವ್ಯ ಪಟ್ಟಿಗೆ ಸೇರಿತು. ಸಂಭಾವ್ಯ ಪಟ್ಟಿ ಅಂದರೆ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು ಅಂತಲ್ಲ, ಅದಕ್ಕೆ ಸರದಿಯಲ್ಲಿ ನಿಂತಿದೆ ಅಂತ. ತುಂಬಾ ಜನ ಇವೆರಡನ್ನೂ ಒಂದೇ ಮಾಡಿಬಿಡುತ್ತಾರೆ.

ಇನ್ನು ಹೆಸರು. ಊರವರು ಮೋರ್ಯರ ಗುಡ್ಡ ಅನ್ನುತ್ತಾರೆ, ಏಳು ಗುಡ್ಡ ಅಂತಲೂ ಅನ್ನುತ್ತಾರೆ. ಮೋರ್ಯರು ಅಂದರೆ ಹಿಂದೆ ಇಲ್ಲಿ ಬದುಕಿದ್ದ ಮೂರಡಿ ಎತ್ತರದ ಕುಳ್ಳ ಜನ ಅನ್ನುವುದು ಊರಿನ ಕಥೆ. ಗೋರಿಯ ಕಿಂಡಿ ನೋಡಿದರೆ ಆ ಕಥೆ ಯಾಕೆ ಹುಟ್ಟಿತು ಅನ್ನುವುದು ನಿಮಗೇ ಗೊತ್ತಾಗುತ್ತದೆ. ಅಷ್ಟು ಸಣ್ಣ ಬಾಗಿಲಲ್ಲಿ ನುಗ್ಗಬೇಕಾದರೆ ಕುಳ್ಳರೇ ಆಗಿರಬೇಕು, ಅಲ್ವಾ? ಹೆಸರು ಕೇಳಿ ಇದನ್ನು ಅಶೋಕನ ಮೌರ್ಯರಿಗೆ ಗಂಟು ಹಾಕುವವರೂ ಇದ್ದಾರೆ. ನಾನಂತೂ ಹಾಕುವುದಿಲ್ಲ. ಗೋರಿ ಕಟ್ಟುವ ಪದ್ಧತಿ ಅಶೋಕನಿಗಿಂತ ನೂರಾರು ವರ್ಷ ಮೊದಲೇ ಶುರುವಾಗಿತ್ತು.

ಒಂದು ಸಣ್ಣ ಎಚ್ಚರಿಕೆ. ಹಳೆಯ ಪುಸ್ತಕಗಳಲ್ಲಿ ಹುಡುಕುವವರು ರಾಯಚೂರು ಜಿಲ್ಲೆಯ ಕೆಳಗೆ ನೋಡಿ. ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಇನ್ನೂ ಹಳೆಯ ಬರಹವಾದರೆ ನಿಜಾಮರ ಹೈದರಾಬಾದ್ ರಾಜ್ಯ ಅಂತ ಇರುತ್ತದೆ.

2. ದಿನ ಆರಿಸುವುದು

ನವೆಂಬರ್‌ನಿಂದ ಫೆಬ್ರುವರಿ ನಡುವೆ ಹೋಗಿ. ಇದರಲ್ಲಿ ಚೌಕಾಸಿ ಬೇಡ.

ಮಾರ್ಚ್ ನಡುವಿನಿಂದ ಮೇ ಮುಗಿಯುವವರೆಗೆ ಈ ಕಡೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಧಾರವಾಡದ ಬಿಸಿಲಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇಲ್ಲಿ ಮೇಲಿನಿಂದಷ್ಟೇ ಅಲ್ಲ, ಕಾಲ ಕೆಳಗಿನ ಬಂಡೆಯಿಂದಲೂ ಕಾವು ಬಡಿಯುತ್ತದೆ. ಮರದ ನೆರಳು ಕಡಿಮೆ. ಮಧ್ಯಾಹ್ನದ ಬಂಡೆಗೆ ಕೈ ಇಟ್ಟರೆ ರೊಟ್ಟಿ ಹಂಚು ಮುಟ್ಟಿದಂತೆ.

ಮಳೆಗಾಲದಲ್ಲಿ ಗುಡ್ಡ ಹಸಿರಾಗಿ ಚೆಂದ ಕಾಣುತ್ತದೆ, ನಿಜ. ಆದರೆ ಒದ್ದೆ ಬಂಡೆಯ ಮೇಲೆ ಪಾಚಿ ಕಟ್ಟಿರುತ್ತದೆ. ಜಾರಿದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಹಿಂದಿನ ದಿನ ಮಳೆ ಬಿದ್ದಿದ್ದರೂ ಮುಂದಕ್ಕೆ ಹಾಕಿ.

ದಿನಕ್ಕಿಂತ ಹೊತ್ತು ಮುಖ್ಯ. ಬೆಳಗ್ಗೆ 7ಕ್ಕೆ ಗುಡ್ಡದ ಬುಡದಲ್ಲಿರಬೇಕು, 11ರ ಹೊತ್ತಿಗೆ ಇಳಿಯಲು ಶುರು ಮಾಡಬೇಕು. ನಾನು ಮೊದಲ ಸಲ ಹೋದಾಗ ಹಂಪಿಯಲ್ಲಿ ನಾಷ್ಟಾ ಮುಗಿಸಿ, ಹೊಳೆ ಈಚೆ ಬಂದು, 11ಕ್ಕೆ ಹತ್ತಲು ಶುರು ಮಾಡಿದ್ದೆ. ಅರ್ಧಕ್ಕೇ ನೀರು ಮುಗಿದು ವಾಪಸ್ ಬಂದೆ. ಒಂದು ಗೋರಿಯನ್ನೂ ನೋಡಲಿಲ್ಲ. ಹಂಪಿಯ ಬಾಲಕ್ಕೆ ಕಟ್ಟಬೇಡಿ ಅಂದದ್ದು ಅದಕ್ಕೇ.

3. ಹೋಗುವ ದಾರಿ

ಹಿರೇಬೆಣಕಲ್ ಇರುವುದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿ, ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು 10 ಕಿ.ಮೀ. ದೂರದಲ್ಲಿ. ಹುಬ್ಬಳ್ಳಿಯಿಂದ ಲೆಕ್ಕ ಹಾಕಿದರೆ 150-160 ಕಿ.ಮೀ. ಆಗುತ್ತದೆ.

ಕಾರು ಅಥವಾ ಬೈಕ್: ಹುಬ್ಬಳ್ಳಿ, ಅಣ್ಣಿಗೇರಿ, ಗದಗ, ಕೊಪ್ಪಳ. ಹೊಸಪೇಟೆಗೆ ಹೋಗುವ ಇದೇ ಹೆದ್ದಾರಿಯಲ್ಲಿ ಕೊಪ್ಪಳ ದಾಟಿ, ಗಂಗಾವತಿ ರಸ್ತೆ ಹಿಡಿಯಬೇಕು. ಹುಬ್ಬಳ್ಳಿಯವರು ಬೆಳಗ್ಗೆ 4ಕ್ಕೆ, ಗದಗಿನವರು 5ಕ್ಕೆ ಬಿಟ್ಟರೆ ಸರಿಯಾಗುತ್ತದೆ.

ರೈಲು: ಹುಬ್ಬಳ್ಳಿಯಿಂದ ಗದಗ, ಕೊಪ್ಪಳ ಮೇಲೆ ಹೋಗಿ ಗಿಣಿಗೇರಾದಲ್ಲಿ ಗಂಗಾವತಿ ಕಡೆ ತಿರುಗುವ ರೈಲುಗಳಿವೆ. ಆ ದಾರಿಯಲ್ಲಿ ಚಿಕ್ಕಬೆಣಕಲ್ ಎಂಬ ಸಣ್ಣ ನಿಲ್ದಾಣವಿದೆ. ಎಲ್ಲ ರೈಲೂ ಅಲ್ಲಿ ನಿಲ್ಲುತ್ತದೆ ಅಂತ ತಿಳಿಯಬೇಡಿ. ಹೊರಡುವ ವಾರವೇ ವೇಳಾಪಟ್ಟಿ ನೋಡಿಕೊಳ್ಳಿ. ರೈಲಿನಲ್ಲಿ ಹೋಗುವವರು ಹಿಂದಿನ ದಿನವೇ ಗಂಗಾವತಿ ಸೇರಿ, ರಾತ್ರಿ ಅಲ್ಲಿ ಉಳಿದು, ಬೆಳಗ್ಗೆ ಆಟೋ ಹಿಡಿಯುವುದು ಜಾಣತನ. ಆಟೋದವರಿಗೆ ವಾಪಸ್ ಬರುವ ಹೊತ್ತನ್ನೂ ಹೇಳಿ, ಬರಲು ಒಪ್ಪಿಸಿಕೊಳ್ಳಿ. ಇಳಿದ ಮೇಲೆ ಊರಲ್ಲಿ ಆಟೋ ಸಿಗುತ್ತದೆ ಅಂತ ನಂಬಿ ಕೂರಬೇಡಿ.

ಬಸ್ಸು: ಹುಬ್ಬಳ್ಳಿ, ಗದಗಿನಿಂದ ಗಂಗಾವತಿಗೆ ಸರ್ಕಾರಿ ಬಸ್ಸುಗಳಿವೆ. ಹೆಣ್ಣುಮಕ್ಕಳು ಆಧಾರ್ ಇಟ್ಟುಕೊಂಡರೆ ಸಾಮಾನ್ಯ ಬಸ್ಸುಗಳಲ್ಲಿ ಶಕ್ತಿ ಯೋಜನೆಯಡಿ ಟಿಕೆಟ್ ದುಡ್ಡೂ ಇಲ್ಲ.

ಹೆಸರಿನ ಗೊಂದಲಕ್ಕೆ ಬೀಳಬೇಡಿ. ಹಿರೇಬೆಣಕಲ್ ಬೇರೆ, ಚಿಕ್ಕಬೆಣಕಲ್ ಬೇರೆ. ನೀವು ಹತ್ತಬೇಕಾದದ್ದು ಹಿರೇಬೆಣಕಲ್ ಊರಿನ ಕಡೆಯಿಂದ. ಮೊಬೈಲ್ ಮ್ಯಾಪ್ ಗೋರಿಗಳಿರುವ ಜಾಗಕ್ಕೆ ನೇರ ಗೆರೆ ಎಳೆದು ತೋರಿಸಬಹುದು. ಆ ಗೆರೆಯನ್ನು ನಂಬಿ ಗುಡ್ಡದ ಇನ್ನೊಂದು ಮಗ್ಗುಲಿಗೆ ಹೋದರೆ ಮುಂದೆ ಬಂಡೆ, ಮುಳ್ಳುಕಂಟಿ ಬಿಟ್ಟು ಬೇರೇನೂ ಇರುವುದಿಲ್ಲ. ಮ್ಯಾಪಿನಲ್ಲಿ ಊರಿನ ಹೆಸರು ಹಾಕಿ, ಊರು ಮುಟ್ಟಿ, ಆಮೇಲೆ ಬಾಯಿಂದ ಕೇಳಿ.

4. ಊರಲ್ಲಿ ಒಬ್ಬರನ್ನು ಜೊತೆ ಮಾಡಿಕೊಳ್ಳಿ

ಬೇರೆ ಯಾವ ಹಂತ ಬಿಟ್ಟರೂ ಇದನ್ನು ಬಿಡಬೇಡಿ. ಗುಡ್ಡದ ಮೇಲೆ ಕಾಲುದಾರಿಗಳು ಕವಲೊಡೆಯುತ್ತವೆ. ದನ ಮೇಯಿಸುವವರ ದಾರಿ, ಕಟ್ಟಿಗೆಯವರ ದಾರಿ, ಗೋರಿಗೆ ಹೋಗುವ ದಾರಿ ಎಲ್ಲವೂ ಒಂದೇ ಥರ ಕಾಣುತ್ತವೆ. ಬರಿ ಬಂಡೆಯ ಮೇಲಂತೂ ಹೆಜ್ಜೆ ಗುರುತೇ ಉಳಿಯುವುದಿಲ್ಲ.

ಊರಲ್ಲಿ "ಡಾಲ್ಮೆನ್ ಎಲ್ಲಿ?" ಅಂದರೆ ಯಾರಿಗೂ ತಿಳಿಯುವುದಿಲ್ಲ. "ಮೋರ್ಯರ ಗುಡ್ಡಕ್ಕೆ ಹೋಗಬೇಕು, ಯಾರಾದರೂ ಬರ್ತಾರೇನ್ರಿ?" ಅಂತ ಕೇಳಿ. ಚಹಾದಂಗಡಿ ಮುಂದೆ ಕೇಳಿದರೆ ಗುಡ್ಡ ಬಲ್ಲವರು ಯಾರಾದರೂ ಸಿಗುತ್ತಾರೆ. ದುಡ್ಡು ಎಷ್ಟು ಅನ್ನುವುದನ್ನು ಹತ್ತುವ ಮೊದಲೇ ಮಾತಾಡಿ. ಒಂದು ದಿನದ ಕೂಲಿಗಿಂತ ಕಡಿಮೆ ಕೊಡಬೇಡಿ. ಅವರು ಆ ದಿನದ ಕೆಲಸ ಬಿಟ್ಟು ಬಂದಿರುತ್ತಾರೆ.

ಯಾಕೆ ಬಂದಿದ್ದೀರಿ ಅನ್ನುವುದನ್ನು ಬಿಚ್ಚಿ ಹೇಳಿ. ಇಂಥ ಗೋರಿಗಳ ಕೆಳಗೆ ನಿಧಿ ಇದೆ ಅಂತ ಅಗೆಯುವವರ ಕಾಟ ನಮ್ಮ ಕಡೆ ಹೊಸತಲ್ಲ. ಗುರುತಿಲ್ಲದವರು ದೊಡ್ಡ ಚೀಲ ಹೊತ್ತು ಗುಡ್ಡ ಹತ್ತಿದರೆ ಊರವರಿಗೆ ಅನುಮಾನ ಬರುವುದು ಸಹಜ. ನೀವೇ ಮೊದಲು ಮಾತಾಡಿಸಿದರೆ ಅನುಮಾನವೂ ಹೋಗುತ್ತದೆ, ಕುಡಿಯಲು ಮಜ್ಜಿಗೆಯೂ ಸಿಗುತ್ತದೆ.

5. ಚೀಲದಲ್ಲಿ ಏನಿರಬೇಕು

ನೀರು, ಒಬ್ಬರಿಗೆ 3 ಲೀಟರ್. ಜಾಸ್ತಿಯಾಯಿತು ಅನ್ನಿಸಬಹುದು, ಆಗುವುದಿಲ್ಲ. ಮೇಲೆ ಅಂಗಡಿಯಿಲ್ಲ, ಕುಡಿಯುವ ನೀರಿಲ್ಲ. ಗುಡ್ಡದ ಮೇಲಿನ ಹೊಂಡದ ನೀರನ್ನು ಕುಡಿಯಬೇಡಿ. ಜೊತೆ ಬಂದವರಿಗೂ ಸೇರಿಸಿ ಲೆಕ್ಕ ಹಾಕಿ. ಎರಡು ಪೊಟ್ಟಣ ಓಆರ್‌ಎಸ್ ಇರಲಿ. ಓಆರ್‌ಎಸ್ ಅಂದರೆ ನೀರಿಗೆ ಕಲಸಿ ಕುಡಿಯುವ, ಬೆವರಿನಲ್ಲಿ ಹೋದ ಉಪ್ಪಿನಂಶವನ್ನು ಮೈಗೆ ಮತ್ತೆ ತುಂಬುವ ಉಪ್ಪು-ಸಕ್ಕರೆಯ ಪುಡಿ, ಔಷಧಿ ಅಂಗಡಿಯಲ್ಲಿ ಸಿಗುತ್ತದೆ.

ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಇದಕ್ಕಿಂತ ಒಳ್ಳೆಯ ಟ್ರೆಕ್ಕಿಂಗ್ ಊಟವನ್ನು ಯಾವ ಕಂಪನಿಯೂ ಇನ್ನೂ ಮಾಡಿಲ್ಲ. ಕೆಡುವುದಿಲ್ಲ, ಭಾರವಿಲ್ಲ.

ಕಾಲಿಗೆ ಹಿಡಿತವಿರುವ ಬೂಟು, ಮೈಗೆ ಉದ್ದ ತೋಳಿನ ಹತ್ತಿ ಅಂಗಿ, ಪೂರ್ತಿ ಪ್ಯಾಂಟು, ತಲೆಗೆ ಟೊಪ್ಪಿಗೆಯೋ ಟವೆಲ್ಲೋ. ಚಪ್ಪಲಿ, ಅರ್ಧ ಪ್ಯಾಂಟು ಬೇಡವೇ ಬೇಡ. ಟಾರ್ಚ್ ಒಂದು. ಫೋನಿನ ಸಿಗ್ನಲ್ ಮೇಲೆ ಬಂದು ಹೋಗಿ ಮಾಡುತ್ತದೆ, ಆದ್ದರಿಂದ ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಇಳಿಯುತ್ತೀರಿ ಅನ್ನುವುದನ್ನು ಹತ್ತುವ ಮೊದಲೇ ಮನೆಗೆ ತಿಳಿಸಿ.

6. ಹತ್ತುವಾಗ

ಸುಮಾರು ಒಂದು ಗಂಟೆಯ ಹತ್ತುವಿಕೆ. ಎತ್ತರ ದೊಡ್ಡದಲ್ಲ. ಮೆಟ್ಟಿಲುಗಳಿಲ್ಲದ, ಬಂಡೆ ಮತ್ತು ಕುರುಚಲು ಕಾಡಿನ ದಾರಿ ಅನ್ನುವುದೇ ಕಷ್ಟ. ಮೊಣಕಾಲು ನೋವಿನವರು ಒಂದು ಕೋಲು ಹಿಡಿಯಿರಿ. ಹತ್ತುವುದಕ್ಕಿಂತ ಇಳಿಯುವಾಗ ಅದು ಜಾಸ್ತಿ ಬೇಕಾಗುತ್ತದೆ.

ಈ ಭಾಗದ ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ಹೊಳೆಯ ಆಚೆ ದರೋಜಿಯಲ್ಲಿ ಕರಡಿಧಾಮವೇ ಇದೆ. ಹಗಲಿನಲ್ಲಿ, ನಾಲ್ಕು ಜನ ಮಾತಾಡುತ್ತಾ ಹೋಗುವಾಗ ಅವು ತಾವಾಗಿಯೇ ದೂರ ಸರಿಯುತ್ತವೆ. ತೊಂದರೆ ಆಗುವುದು ಎರಡು ಸಂದರ್ಭದಲ್ಲಿ: ಕತ್ತಲಾಗುವಾಗ, ಮತ್ತು ಬಂಡೆಯ ಸಂದಿಗೆ ಸುಮ್ನೆ ಕುತೂಹಲಕ್ಕೆ ತಲೆ ಹಾಕಿದಾಗ. ಆಳವಾದ ಗವಿಯೊಳಗೆ ಹೋಗಬೇಡಿ. ಒಬ್ಬರೇ ಹೋಗಬೇಡಿ. ಸೂರ್ಯ ಮುಳುಗುವ ಫೋಟೋಗೆ ಕಾಯಬೇಡಿ. ಮೇಲೆ ರಾತ್ರಿ ಟೆಂಟು ಹಾಕುವ ಯೋಚನೆಯಿದ್ದರೆ ಈಗಲೇ ಕೈಬಿಡಿ.

ಹಾವು, ಚೇಳಿಗೂ ಇದೇ ಬುದ್ಧಿ: ಕಣ್ಣಿಗೆ ಕಾಣದ ಜಾಗಕ್ಕೆ ಕೈ ಹಾಕಬೇಡಿ, ಕೂರುವ ಮುನ್ನ ಕೋಲಿನಿಂದ ಒಮ್ಮೆ ತಟ್ಟಿ.

7. ಮೇಲೆ ಏನನ್ನು, ಹೇಗೆ ನೋಡುವುದು

ಗವಿಚಿತ್ರಗಳು: ಗುಡ್ಡದಲ್ಲಿ ಚಾಚಿದ ಬಂಡೆಗಳ ಕೆಳಗೆ ಕೆಂಪು ಬಣ್ಣದ ಚಿತ್ರಗಳಿವೆ. ಜಿಂಕೆ, ನವಿಲು, ಬೇಟೆಯವರು, ಕೈ ಕೈ ಹಿಡಿದು ಕುಣಿಯುವ ಜನ. ಬಣ್ಣ ಕಾವಿಕಲ್ಲಿನದು, ಅಂದರೆ ಕಬ್ಬಿಣದ ಅಂಶವಿರುವ ಕೆಮ್ಮಣ್ಣಿನದು. ಬಿಸಿಲಿನಿಂದ ನೆರಳಿಗೆ ಬಂದ ಕೂಡಲೇ ಕಾಣುವುದಿಲ್ಲ. ಎರಡು ನಿಮಿಷ ಸುಮ್ಮನೆ ನಿಲ್ಲಿ. ಕಣ್ಣು ಹೊಂದಿಕೊಂಡಂತೆ ಒಂದೊಂದೇ ಗೆರೆ ಮೇಲೆದ್ದು ಬರುತ್ತದೆ. ಜೊತೆ ಬಂದವರನ್ನು ಕೇಳಿದರೆ ನಿಮ್ಮ ಕಣ್ಣು ತಪ್ಪಿಸಿಕೊಂಡದ್ದನ್ನು ತೋರಿಸುತ್ತಾರೆ.

ಗೋರಿಗಳ ಬಯಲು: ದಾರಿ ಮುಗಿದು ಗುಡ್ಡದ ಮೇಲಿನ ಸಮತಟ್ಟು ಸಿಕ್ಕಾಗ ಗೋರಿಗಳು ಗುಂಪಾಗಿ ಕಾಣುತ್ತವೆ. ಬೀದಿಯಲ್ಲಿ ಮನೆಗಳು ನಿಂತ ಹಾಗೆ. ದೊಡ್ಡವು ಆಳೆತ್ತರ ಮೀರಿ, ಸುಮಾರು ಹತ್ತಡಿ ಇವೆ. ಸಣ್ಣವು ಮೊಣಕಾಲೆತ್ತರವೂ ಇಲ್ಲ. ಒಂದು ಒಳ್ಳೆಯ ಗೋರಿಯನ್ನು ಆರಿಸಿಕೊಂಡು ಅದರ ಸುತ್ತ ಪೂರ್ತಿ ತಿರುಗಿ. ಪಕ್ಕದ ಚಪ್ಪಡಿಗಳು, ಮೇಲಿನ ಮುಚ್ಚುಗಲ್ಲು, ಮುಂದಿನ ಚಪ್ಪಡಿಯಲ್ಲಿ ಕೊರೆದ ದುಂಡನೆ ಕಿಂಡಿ. ಕಿಂಡಿಯ ಅಂಚನ್ನು ಗಮನಿಸಿ. ಅಷ್ಟು ಗಟ್ಟಿ ಕಲ್ಲಿನಲ್ಲಿ ಅಷ್ಟು ದುಂಡಗೆ ತೂತು ತೆಗೆಯಲು ಎಷ್ಟು ದಿನ ಹಿಡಿದಿರಬೇಕು! ಕಿಂಡಿ ಯಾಕೆ ಅನ್ನುವುದಕ್ಕೆ ಸತ್ತವರಿಗೆ ಎಡೆ ಇಡಲು ಅನ್ನುವವರಿದ್ದಾರೆ, ಜೀವ ಬಂದು ಹೋಗಲು ಅನ್ನುವವರಿದ್ದಾರೆ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಮನೆಯಿಂದ ಬಂದ ನನಗೆ ಮೊದಲನೆಯದೇ ಹಿಡಿಸುತ್ತದೆ.

ಇನ್ನೊಂದನ್ನು ನೋಡಿ. ಬಹಳಷ್ಟು ಗೋರಿಗಳು ಬರಿ ಬಂಡೆಯ ಮೇಲೇ ನಿಂತಿವೆ. ಕೆಳಗೆ ಗುಂಡಿ ತೋಡಲು ಮಣ್ಣೇ ಇಲ್ಲ. ಅದಕ್ಕೇ ಇವನ್ನು ಹೂಳಿದ ಜಾಗ ಅನ್ನುವುದಕ್ಕಿಂತ ನೆನಪಿಗೆ ಕಟ್ಟಿದ ಮನೆ ಅನ್ನುವುದು ನನಗೆ ಸರಿ ಕಾಣುತ್ತದೆ.

ಕಲ್ಲು ಎಲ್ಲಿಂದ ಬಂತು? ಇದು ಎಲ್ಲರೂ ಕೇಳುವ ಪ್ರಶ್ನೆ. ಉತ್ತರ ನಿಮ್ಮ ಕಾಲ ಕೆಳಗೇ ಇದೆ. ಇಲ್ಲಿನ ಗ್ರಾನೈಟ್ ಬಂಡೆ ಈರುಳ್ಳಿ ಸಿಪ್ಪೆಯ ಹಾಗೆ ಪದರು ಪದರಾಗಿ ಏಳುತ್ತದೆ. ಮೇಲ್ಮೈಗೆ ಸಮನಾಗಿ ಬಿರುಕು ಬಿಟ್ಟು, ಅಗಲವಾದ ಹಾಳೆಗಳಾಗುತ್ತದೆ. ಆ ಹಾಳೆಯನ್ನು ಎಬ್ಬಿಸಿ, ಅಂಚು ತಿದ್ದಿ, ಸಾಗಿಸಿ ನಿಲ್ಲಿಸಿದ್ದಾರೆ. ಗೋರಿಗಳ ಹತ್ತಿರವೇ ಕಲ್ಲು ಎಬ್ಬಿಸಿದ ಜಾಗಗಳೂ, ನೀರು ನಿಲ್ಲುವ ಹೊಂಡವೂ ಇವೆ. ಹೊಂಡದ ಅಂಚಿನಲ್ಲಿ ನಿಂತು ಹತ್ತಿರದ ಗೋರಿಯ ಚಪ್ಪಡಿಯ ದಪ್ಪ ನೋಡಿ, ಆಮೇಲೆ ಬಂಡೆಯಲ್ಲಿ ಎದ್ದ ಪದರಿನ ದಪ್ಪ ನೋಡಿ.

ನಗಾರಿ ಕಲ್ಲು: ಸುಮಾರು ಮೂವತ್ತಡಿ ಎತ್ತರದ ಗುಂಡಿನ ಮೇಲೆ ಕೂತಿರುವ ಅರ್ಧಗೋಳದಂಥ ಕಲ್ಲು. ಬಡಿದರೆ ನಗಾರಿಯ ಹಾಗೆ ದನಿ ಕೊಡುತ್ತದೆ, ಒಂದು ಕಿ.ಮೀ.ವರೆಗೆ ಕೇಳುತ್ತದೆ ಅನ್ನುತ್ತಾರೆ. ಗುಂಡು ಹತ್ತುವುದು ಅಪಾಯದ ಕೆಲಸ. ರೂಢಿಯಿಲ್ಲದವರು ಕೆಳಗಿನಿಂದಲೇ ನೋಡಿ. ಹತ್ತಿದವರೂ ಕಲ್ಲಿನಿಂದ ಬಡಿಯಬೇಡಿ. ಬಂದವರೆಲ್ಲ ಒಂದೊಂದು ಏಟು ಹಾಕಿದರೆ ಅದು ಎಷ್ಟು ದಿನ ಉಳಿದೀತು?

ಗುಡ್ಡದ ಮೇಲಿನಿಂದ ಕೆಳಗೆ ಕಣ್ಣು ಹಾಯಿಸಿದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದ ಗಂಗಾವತಿ ಸೀಮೆಯ ಭತ್ತದ ಗದ್ದೆಗಳು. ಮೇಲೆ ಒಣಬಂಡೆ, ಕೆಳಗೆ ಹಸಿರು. ಈ ಹಸಿರು ಅಣೆಕಟ್ಟು ಬಂದ ಮೇಲಿನದು. ಗೋರಿ ಕಟ್ಟಿದವರು ನೋಡಿದ ನೆಲ ಬೇರೆಯೇ.

8. ಮಾಡಬಾರದ ಕೆಲಸಗಳು

ಮುಚ್ಚುಗಲ್ಲಿನ ಮೇಲೆ ಹತ್ತಬೇಡಿ, ಅದಕ್ಕೆ ಒರಗಬೇಡಿ. ಎರಡು ಸಾವಿರ ವರ್ಷ ನಿಂತಿದೆ, ನನ್ನ ಭಾರಕ್ಕೆ ಏನಾದೀತು ಅನ್ನಬೇಡಿ. ಗಾರೆಯಿಲ್ಲ, ಮೊಳೆಯಿಲ್ಲ, ಬರೀ ತೂಕದ ಮೇಲೆ ನಿಂತ ಕಟ್ಟಡ ಅದು. ಬಿದ್ದರೆ ನಿಮ್ಮ ಕಾಲೂ ಹೋಗುತ್ತದೆ.

ಕಿಂಡಿಯೊಳಗೆ ಮಕ್ಕಳನ್ನು ಕೂರಿಸಿ ಫೋಟೋ ತೆಗೆಯಬೇಡಿ. ಚಿತ್ರಗಳು ಚೆನ್ನಾಗಿ ಕಾಣಲಿ ಅಂತ ನೀರು ಎರಚುವುದು, ಸೀಮೆಸುಣ್ಣದಿಂದ ಗೆರೆ ತಿದ್ದುವುದು, ಕೈಯಿಂದ ಉಜ್ಜುವುದು ಬೇಡ. ನೆಲದಲ್ಲಿ ಮಡಕೆ ಚೂರು ಕಂಡರೆ ಎತ್ತಿ ನೋಡುವ ಆಸೆಯಾಗುತ್ತದೆ. ನೋಡಿ, ಅಲ್ಲೇ ಬಿಡಿ. ಆ ಚೂರು ಎಲ್ಲಿ ಬಿದ್ದಿತ್ತು ಅನ್ನುವುದರಲ್ಲೇ ಅದರ ಅರ್ಧ ಮಾಹಿತಿ ಇದೆ. ಜೇಬಿಗೆ ಬಂದರೆ ಅದು ಬರೀ ಹಂಚಿನ ಚೂರು.

ಇದು ಸಂರಕ್ಷಿತ ಸ್ಮಾರಕ. ಹಾಳು ಮಾಡಿದರೆ ಕಾನೂನಿನಲ್ಲಿ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಡ್ರೋನ್ ಹಾರಿಸಲು ಇಲಾಖೆಯ ಅನುಮತಿ ಬೇಕು. ಒಣಹುಲ್ಲಿನ ಗುಡ್ಡ, ಬೆಂಕಿ ಕಡ್ಡಿ ಗೀರಬೇಡಿ.

9. ಇಳಿದ ಮೇಲೆ

ಬೂಟು, ಸಾಕ್ಸ್ ಬಿಚ್ಚಿ ಕೊಡವಿ. ಚಳಿಗಾಲದಲ್ಲಿ ಹುಲ್ಲಿನ ಮುಳ್ಳು ಸಾಕ್ಸಿಗೆ ಚುಚ್ಚಿಕೊಂಡು ಮನೆವರೆಗೂ ಬರುತ್ತದೆ. ಪ್ಯಾಂಟಿನ ಮಡಿಕೆಯನ್ನೂ ನೋಡಿ.

ಇನ್ನೂ ಹೊತ್ತಿದ್ದರೆ ಆನೆಗುಂದಿ, ಅಂಜನಾದ್ರಿ ಕಡೆ ಹೋಗೋಣ ಅನ್ನುವವರೇ ಜಾಸ್ತಿ. ಅಂಜನಾದ್ರಿಗೆ ಮತ್ತೆ 575 ಮೆಟ್ಟಿಲು ಹತ್ತಬೇಕು, ಅದೂ ಮಧ್ಯಾಹ್ನದ ಬಿಸಿಲಿನಲ್ಲಿ. ನಿಮ್ಮ ಕಾಲನ್ನು ಒಮ್ಮೆ ಕೇಳಿ ನೋಡಿ. ನನ್ನ ಮಾತು ಕೇಳುವುದಾದರೆ, ಗಂಗಾವತಿಯಲ್ಲಿ ಊಟ ಮಾಡಿ ಹುಬ್ಬಳ್ಳಿಯ ದಾರಿಯಲ್ಲೇ ಇರುವ ಕೊಪ್ಪಳದಲ್ಲಿ ಇಳಿಯಿರಿ. ಅಲ್ಲಿ ಗವಿಮಠದ ಗುಡ್ಡದಲ್ಲೂ, ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಕ್ರಿ.ಪೂ. ಮೂರನೇ ಶತಮಾನ. ಅಂದರೆ ಈ ಅಕ್ಷರ ಕೊರೆಯುವ ಹೊತ್ತಿಗೆ ನೀವು ಬೆಳಗ್ಗೆ ನೋಡಿ ಬಂದ ಗುಡ್ಡದಲ್ಲಿ ಯಾರೋ ಇನ್ನೂ ಗೋರಿಯ ಚಪ್ಪಡಿ ಎಬ್ಬಿಸುತ್ತಿದ್ದಿರಬಹುದು. ಪಾಲ್ಕಿಗುಂಡಿನ ಶಾಸನ ಸವೆದುಹೋಗಿದೆ. ಒಂದಕ್ಕೇ ಹೊತ್ತಿದ್ದರೆ ಗವಿಮಠದ್ದನ್ನು ನೋಡಿ. ಜನವರಿಯಲ್ಲಿ ಗವಿಮಠದ ಜಾತ್ರೆ ಇರುತ್ತದೆ, ಆ ದಿನಗಳಲ್ಲಿ ಕೊಪ್ಪಳದೊಳಗೆ ಕಾರು ತಂದರೆ ಮುಂದೆಯೂ ಹೋಗಲಾಗದು, ಹಿಂದೆಯೂ ಬರಲಾಗದು. ಊರ ಹೊರಗೇ ನಿಲ್ಲಿಸಿ ನಡೆದು ಹೋಗಿ.